ಕ್ಲೌಡ್‌ಗೆ ಸೇರದ ಎರಡಕ್ಷರ

ಆಸ್ಪತ್ರೆಯ ಡೇಟಾಬೇಸನ್ನು ಹದಿನಾರು ವರ್ಷ ನೋಡಿಕೊಂಡಿದ್ದ ಆಕೆಗೆ, ಅದನ್ನು ಕ್ಲೌಡ್‌ಗೆ ಸಾಗಿಸಲು ಬಂದ ಸಲಹೆಗಾರನನ್ನು ಕಂಡರೆ ಮೈ ಉರಿಯುತ್ತಿತ್ತು. ಸಿಬ್ಬಂದಿ ಅವನಿಗೆ ‘ಮೋಡದ ಸಾಹೇಬ’ ಎಂದು ಹೆಸರಿಟ್ಟಿದ್ದರು. ಬಾಯಿ ಬಿಟ್ಟರೆ ಬಣ್ಣದ ಮಾತು, ಕೆಲಸ ಮಾತ್ರ ಕಾಟಾಚಾರದ್ದು.

“ಎಲ್ಲಾ ಸಾಗಿಸಿ ಆಯ್ತು ಮೇಡಂ, ಎಣಿಸಿ ನೋಡ್ದೆ, ಒಂದು ದಾಖಲೆನೂ ತಪ್ಪಿಲ್ಲ. ಹಳೇ ಸರ್ವರ್ ಗುಜರಿಗೆ ಹಾಕ್ಸಿ. ಇಲ್ಲೊಂದು ಸಹಿ ಮಾಡಿ,” ಎಂದ.

ಆಕೆ ಸಹಿ ಮಾಡಲಿಲ್ಲ. ಮೂರನೇ ವಾರ್ಡಿನಲ್ಲಿ ಮಲಗಿದ್ದ ತನ್ನ ಸೋದರತ್ತೆಯ ದಾಖಲೆಯನ್ನೇ ಹೊಸದರಲ್ಲಿ ತೆರೆದಳು. ಮೊದಲು ‘ಪೆನಿಸಿಲಿನ್ ಕೊಡಬಾರದು’ ಎಂದಿದ್ದ ಕಡೆ ಈಗ ‘ಪೆನಿಸಿಲಿನ್ ಕೊಡಬ’ ಎಂದಷ್ಟೇ ಇತ್ತು.

“ಇದನ್ನ ನರ್ಸ್ ಏನಂತ ಓದ್ಕೋಬೇಕು? ಕೊಡಬಹುದು ಅಂತಾನಾ?”

“ಹೊಸ ಕಾಲಮ್ ಸ್ವಲ್ಪ ಚಿಕ್ಕದಾಯ್ತು, ಉದ್ದದ ಸಾಲುಗಳ ಬಾಲ ಕತ್ತರಿಸಿ ಹೋಗಿದೆ ಅಷ್ಟೇ. ಒಂದು ದೀರ್ಘ, ಎರಡಕ್ಷರ ತಾನೇ ಹೋಗಿದ್ದು?” ಸಾಹೇಬ ಹಲ್ಲು ಕಿರಿದ.

“ಆ ಎರಡಕ್ಷರಕ್ಕೆ ನಮ್ಮತ್ತೆ ಜೀವ ಹೋಗುತ್ತೆ ಕಣಯ್ಯಾ. ಎಣಿಸಿದ್ಯಲ್ಲ, ಒಂದನ್ನಾದ್ರೂ ಓದಿದ್ಯಾ?”

ಆಕೆ ವಾರ್ಡುಗಳಿಗೆಲ್ಲ ಫೋನ್ ಮಾಡಿ, ಹೊಸ ಪರದೆ ನಂಬಿ ಯಾರಿಗೂ ಔಷಧಿ ಕೊಡಬೇಡಿ ಎಂದಳು. ಆಮೇಲೆ ಹಳೇ ಸರ್ವರನ್ನು ಮತ್ತೆ ಚಾಲೂ ಮಾಡಿ, ತುಂಡಾಗಿದ್ದ ಸಾವಿರಾರು ದಾಖಲೆಗಳನ್ನು ಸರಿಪಡಿಸಲು ಕೂತಳು.

“ನಾನೂ ಸಹಾಯ ಮಾಡ್ಲಾ ಮೇಡಂ?”

“ನೀನು ಆಚೆ ಹೋಗಿ ಕೂತ್ಕೋ. ಅದೇ ದೊಡ್ಡ ಸಹಾಯ.”