ಆರಿದ ದೀಪದ ಕೆಳಗೆ

ಬಿಸಿಯಿರಲಿಲ್ಲ. ಹತ್ತು ನಿಮಿಷದಿಂದ ಉರಿಯುತ್ತಿದ್ದ ದೀಪದ ಮೇಲೆ, ಫೋಟೋ ದೊಡ್ಡದಾಗಿಸುವ ಎನ್‌ಲಾರ್ಜರಿನ ಕಬ್ಬಿಣದ ತಲೆಗೆ ಅಂಗೈ ಒತ್ತಿ ಹಿಡಿದಿದ್ದ ಹೆಡ್ಲಿ ಟ್ರೆಂಬತ್. ಬಾವಿಕಟ್ಟೆಯ ಕಲ್ಲಿನಷ್ಟು ತಣ್ಣಗಿತ್ತು. ಗೆದ್ದೆ ಅಂದುಕೊಂಡ. ಗೆದ್ದವನಿಗೆ ಆಗಬೇಕಾದದ್ದೇನೂ ಒಳಗೆ ಆಗಲಿಲ್ಲ.

"ಏನ್ ಮೇಷ್ಟ್ರೇ, ಹೆಣ ಮುಟ್ಟಿ ನೋಡೋ ಹಾಗೆ ನೋಡ್ತಿದೀಯ?" ಎಂದ ಕ್ಲೆಮ್ ಓಪಿ. ಪಕ್ಕದ ಮನೆಯವನು, ಬೆಳಿಗ್ಗೆಯಿಂದ ಟಾರ್ಚು ಹಿಡಿದು ನಿಂತಿದ್ದ.

"ಬಿಸೀನೇ ಆಗ್ತಿಲ್ಲ."

"ಆಗ್ಬಾರ್ದು ಅಂತ ತಾನೆ ಹಳೇ ಬಲ್ಬು ಕಿತ್ತು ಎಲ್‌ಇಡಿ ಹಾಕಿದ್ದು? ಮತ್ತೆ ಮುಖ ಯಾಕೆ ಹಾಗೆ?"

"ನನ್ನ ಮುಖ ಇರೋದೇ ಹೀಗೆ."

"ಅದೂ ಸರಿಯೇ." ಕ್ಲೆಮ್ ಪ್ಯಾಂಟಿಗೆ ಕೈ ಒರೆಸಿಕೊಂಡ. "ಮೂರಕ್ಕೆ ಕಾರು ತರ್ತೀನಿ. ಥಿರ್ಜಾನ ಬಸ್ಸಿಗೆ ಬಿಡ್ಬೇಕಲ್ಲ. ನೀನೂ ಬರ್ತೀಯ ತಾನೆ?"

"ನೋಡೋಣ. ಅವಳಿಗೆ ಒಂದು ಪ್ರಿಂಟು ಮಾಡಿಕೊಡ್ಬೇಕು. ಅದು ಒಣಗ್ಬೇಕು."

"ಈ ಮೂಂಟಾ ಊರಲ್ಲಿ ಒಣಗದೆ ಉಳಿದಿರೋದು ಏನಿದೆ ಕಣೋ," ಎಂದು ನಗುತ್ತ ಕ್ಲೆಮ್ ಹೊರಟ.

ಥಿರ್ಜಾ ಅಡಿಲೇಡಿಗೆ, ತಂಗಿಯ ಮನೆಗೆ ಹೋಗುವವಳಿದ್ದಳು. ಎಷ್ಟು ದಿನಕ್ಕೆ ಎಂದು ಹೆಡ್ಲಿ ಹೆಂಡತಿಯನ್ನು ಕೇಳಿರಲಿಲ್ಲ. ಅವಳು ಹೇಳಿರಲಿಲ್ಲ. ಬೆಳಿಗ್ಗೆ ಫ್ರೀಜರ್ ತೆರೆದಾಗ ಕಡುಬಿನಂಥ ಪ್ಯಾಸ್ಟಿಗಳು ಸಾಲಾಗಿ ಮಲಗಿದ್ದವು. ಊರಲ್ಲಿ ತಾಮ್ರದ ಗಣಿ ನಡೆಯುತ್ತಿದ್ದ ಕಾಲದ ಪದ್ಧತಿಯಂತೆ, ತಿನ್ನುವವನ ಹೆಸರಿನ ಮೊದಲಕ್ಷರವನ್ನು ಹಿಟ್ಟಿನಲ್ಲಿ ಹೊಸೆದು ಪ್ರತಿಯೊಂದರ ಮೂಲೆಗೂ ಅಂಟಿಸಿದ್ದಳು. ಹೆಡ್ಲಿ ಎಣಿಸಿದ. ನಲವತ್ತು. ನಲವತ್ತರಲ್ಲೂ ಅವನ ಅಕ್ಷರವೇ. ಅವಳದು ಒಂದರಲ್ಲೂ ಇರಲಿಲ್ಲ. ಮುಚ್ಚಳ ಹಾಕಿ ಬಂದು ತಂತಿ ಜೋಡಿಸಲು ಕೂತ.

ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಕಲಿಸಿದವನು. ಕಾರಣವಿಲ್ಲದೆ ಏನನ್ನೂ ಮಾಡುವವನಲ್ಲ. ಹಳೆಯ ಬಲ್ಬಿನ ಬಿಸಿಗೆ ನೆಗೆಟಿವ್ ಮೆಲ್ಲನೆ ಕಾದು, ಯಾವುದೋ ಒಂದು ಗಳಿಗೆಯಲ್ಲಿ ಟಕ್ಕೆಂದು ಬಾಗಿಬಿಡುತ್ತಿತ್ತು. ಸ್ಪಷ್ಟವಿದ್ದ ಮುಖ ಮಸುಕಾಗುತ್ತಿತ್ತು. ಆದ್ದರಿಂದ ಮೊದಲು ದೀಪ ಹೊತ್ತಿಸಿ, ಅದು ಬಾಗುವವರೆಗೂ ಕಾಯಬೇಕು, ಆಮೇಲೆ ಕೆಲಸ. ಗಣಿಯಲ್ಲಿದ್ದ ಅವನಜ್ಜ ಸಿಡಿಮದ್ದಿನ ಬತ್ತಿಗೆ ಬೆಂಕಿಯಿಟ್ಟು, ಓಡುತ್ತ, 'ಪರಲೋಕದಲ್ಲಿರುವ ನಮ್ಮ ತಂದೆಯೇ' ಎಂಬ ಕರ್ತನ ಪ್ರಾರ್ಥನೆ ಹೇಳಿ ಹೊತ್ತು ಅಳೆಯುತ್ತಿದ್ದನಂತೆ. ಹೆಡ್ಲಿಯೂ ಹಾಗೆಯೇ ಅಳೆಯುತ್ತಿದ್ದ. ನೆಗೆಟಿವ್ ಬಾಗಲು ಆರು ಪ್ರಾರ್ಥನೆ.

ಆ ಆರು ಪ್ರಾರ್ಥನೆಗಳ ಹೊತ್ತು ಥಿರ್ಜಾ ಡಾರ್ಕ್‌ರೂಮಿನ ಒಳಗೆ ಬಂದು ನಿಲ್ಲುತ್ತಿದ್ದಳು. ಚಿತ್ರಗಳಲ್ಲಿ ಅವಳಿಗೆ ಆಸಕ್ತಿಯಿರಲಿಲ್ಲ. ಕೆಂಪು ದೀಪದ ಕತ್ತಲಿನಲ್ಲಿ ಒಬ್ಬರ ಮುಖ ಒಬ್ಬರಿಗೆ ನೆಟ್ಟಗೆ ಕಾಣುತ್ತಿರಲಿಲ್ಲ, ಮಾಡುವುದಕ್ಕೆ ಬೇರೆ ಕೆಲಸವೂ ಇರುತ್ತಿರಲಿಲ್ಲ. ಮೂರನೆಯ ಸಲವೂ ಬಸಿರು ನಿಲ್ಲಲಿಲ್ಲವೆಂದು ಅವಳು ಹೇಳಿದ್ದು ಅಲ್ಲಿ. ಚಾಪೆಲ್ಲಿನ ಆರಾಧನೆಯಲ್ಲಿ ಹಾಡುವಾಗ ಬಾಯಿ ಮಾತ್ರ ಆಡಿಸುತ್ತೇನೆ ಎಂದದ್ದು ಅಲ್ಲಿ. ಊಟದ ಮೇಜಿನಲ್ಲಿ ಅವರು ಉಪ್ಪು ದಾಟಿಸಿಕೊಳ್ಳುತ್ತಿದ್ದರು, ಅಷ್ಟೆ.

ಎರಡೂವರೆಗೆ ಕಪ್ಪು ಪರದೆ ಸರಿಸಿಕೊಂಡು ಬಂದಳು. ಆಗಲೇ ಕೋಟು ತೊಟ್ಟಿದ್ದಳು.

"ದೀಪ ಹೊತ್ತಿಸಿದ್ಯಾ?"

"ಇನ್ನು ಕಾಯೋ ಹಾಗೇ ಇಲ್ಲ. ನೋಡು."

ಗುಂಡಿ ಒತ್ತಿದ. ಕಾಗದದ ಮೇಲೆ ಅವಳದೇ ಮುಖ, ಕರಿದು ಬಿಳಿದಾಗಿ, ಬಿಳಿದು ಕರಿದಾಗಿ ಮೂಡಿ ಮಾಯವಾಯಿತು.

"ಅಷ್ಟೇನಾ?"

"ಎಂಟೇ ಸೆಕೆಂಡು."

"ಮುಂಚೆ ಹೊತ್ತಾಗ್ತಿತ್ತು."

"ಅದು ಬಿಸಿಯಿಂದ. ಈಗ ಆ ತೊಂದರೆಯಿಲ್ಲ."

"ತೊಂದರೆ," ಎಂದಳು ಥಿರ್ಜಾ.

ಕಾಗದವನ್ನು ಚಿತ್ರ ಮೂಡಿಸುವ ಡೆವಲಪರ್ ದ್ರಾವಣಕ್ಕೆ ಹಾಕಬೇಕಿತ್ತು. ಅವಳು ಏನೋ ಹೇಳಲು ಬಂದಿದ್ದಾಳೆಂದು ಅವನಿಗೆ ಗೊತ್ತಿತ್ತು. ತಾನು ಕೇಳಬೇಕಾದ್ದು ಎರಡೇ ಮಾತು ಎಂಬುದೂ ಗೊತ್ತಿತ್ತು: ಎಷ್ಟು ದಿನ? ಅವನು ಅವಳ ಕೋಟಿನ ಗುಂಡಿ ನೋಡುತ್ತ ನಿಂತ. ಆರಿದ ದೀಪದ ಕೆಳಗೆ ಕಾಗದ ಹಾಗೇ ಇತ್ತು. ನಲ್ಲಿ ಐದಾರು ಸಲ ತೊಟ್ಟಿಕ್ಕಿತು, ಮತ್ತೆ ಐದಾರು ಸಲ.

"ಹೆಡ್ಲಿ."

"ಹೂಂ."

"ಪ್ಯಾಸ್ಟಿ ಫ್ರೀಜರಲ್ಲಿವೆ."

"ನೋಡ್ದೆ."

"ನೋಡ್ದ್ಯಾ?"

"ಹೂಂ. ಸಾಕಷ್ಟಿವೆ."

ಅವಳು ಕೋಟಿನ ಗುಂಡಿ ಹಾಕಿಕೊಂಡಳು. "ಸರಿ ಹಾಗಾದ್ರೆ," ಎಂದಳು. ಪರದೆ ಅಲುಗಿ ನಿಂತಿತು.

ಟ್ರೇಯಲ್ಲಿ ಅವಳ ಮುಖ ಚೆನ್ನಾಗಿಯೇ ಮೂಡಿತು. ಆದರೆ ಮೂಡಿ ನಿಲ್ಲಲಿಲ್ಲ. ಹಣೆ ಕಂದಿತು, ಕೆನ್ನೆ ಕಂದಿತು. ನಡುಹಗಲಲ್ಲಿ ತೆಗೆದ ಚಿತ್ರದ ಮೇಲೆ ಮುಸ್ಸಂಜೆ ಇಳಿಯಿತು.

ಬೆಳಿಗ್ಗೆ ಪರೀಕ್ಷೆಗೆ ಮಾಡಿದ ತುಂಡುಗಳೆಲ್ಲ ಸರಿಯಾಗಿದ್ದವು. ಅದೇ ಕಾಗದ, ಅದೇ ದ್ರಾವಣ, ಅದೇ ಎಂಟು ಸೆಕೆಂಡು. ವ್ಯತ್ಯಾಸ ಒಂದೇ. ಅವನ್ನು ಕೂಡಲೇ ಎತ್ತಿಕೊಂಡಿದ್ದ. ಇದು ಅವಳು ನಿಂತಿದ್ದಷ್ಟು ಹೊತ್ತೂ ಅಲ್ಲೇ ಇತ್ತು. ಕೆಂಪು ದೀಪವನ್ನೂ ಆರಿಸಿ, ಬಗ್ಗಿ, ಲೆನ್ಸಿನೊಳಕ್ಕೆ ಕಣ್ಣಿಟ್ಟ. ಎಲ್ಲೋ ಆಳದಲ್ಲಿ ಬೆಕ್ಕಿನ ಕಣ್ಣಿನಂಥ ಹಸಿರು ಮಿಣುಕು. ಎಂಟು ಸೆಕೆಂಡಿಗೆ ದೀಪ ಆರಿಸುವ ಹಳೆಯ ಟೈಮರು, ದೀಪ ಆರಿದ ಮೇಲೂ ಎಳೆಯಷ್ಟು ವಿದ್ಯುತ್ತನ್ನು ಬಿಡುತ್ತಿತ್ತು. ಹಳೆಯ ಬಲ್ಬು ಅಷ್ಟಕ್ಕೆ ಕಣ್ಣು ತೆರೆಯುತ್ತಿರಲಿಲ್ಲ. ಈ ಎಲ್‌ಇಡಿಗೆ ಅಷ್ಟು ಸಾಕಿತ್ತು.

ಹಾಗಾದರೆ ಅವರಿಬ್ಬರೂ ಆಡದೆ ಉಳಿಸಿದ್ದೆಲ್ಲ ಅವಳ ಮುಖದ ಮೇಲೆ ಬೀಳುತ್ತಲೇ ಇತ್ತು.

ಕತ್ತಲಲ್ಲಿ ಮಿನುಗುವ ಮುಳ್ಳಿನ ಗಡಿಯಾರ ಮೂರಕ್ಕೆ ಐದು ನಿಮಿಷವೆಂದಿತು. ಹೊರಗೆ ಹೋಗಬಹುದಿತ್ತು. ಆದರೆ ಊಹೆಯನ್ನು ಸಾಬೀತು ಮಾಡದೆ ಬಿಡುವುದುಂಟೆ? ನೆಗೆಟಿವ್ ತೆಗೆದ. ಆರಿದ ದೀಪದ ಕೆಳಗೆ ಹೊಸ ಕಾಗದ ಇಟ್ಟ. ಅದರ ಒಂದಷ್ಟು ಭಾಗವನ್ನು ಮರೆಮಾಡಲು ಏನಾದರೂ ಬೇಕು. ಜೇಬಿನಲ್ಲಿ ಏನೂ ಸಿಗಲಿಲ್ಲ. ಕಾಗದದ ಮೇಲೆ ಎಡಗೈಯನ್ನೇ ಊರಿದ. ಆರು ಪ್ರಾರ್ಥನೆ ಅಂದುಕೊಂಡ.

ಎರಡನೆಯದರಲ್ಲಿ ಕಾರಿನ ಹಾರನ್ನು ಕೇಳಿಸಿತು. ಮೂರನೆಯದರಲ್ಲಿ ಥಿರ್ಜಾಳ ಪೆಟ್ಟಿಗೆಯ ಗಾಲಿಗಳು ನಡುಮನೆ ದಾಟಿ ಬಂದು ಪರದೆಯಾಚೆ ನಿಂತವು.

"ಮೇಷ್ಟ್ರೇ, ಬರ್ತೀಯೋ ಇಲ್ವೋ?" ಕ್ಲೆಮ್ ದೂರದಿಂದ ಕೂಗಿದ.

"ಒಂದ್ನಿಮಿಷ," ಎಂದ ಹೆಡ್ಲಿ. ಕೈ ಅಲುಗಿದರೆ ಪರೀಕ್ಷೆ ಕೆಡುತ್ತಿತ್ತು.

ಗಾಲಿಗಳು ಇನ್ನೊಂದಿಷ್ಟು ನಿಂತು, ಉರುಳಿದವು. ಐದನೆಯದರಲ್ಲಿ, ನಮ್ಮ ತಪ್ಪುಗಳನ್ನು ಕ್ಷಮಿಸು ಎಂಬ ಮಾತು ಬರುವಲ್ಲಿ, ಅವನು ತಪ್ಪಿದ. ಮತ್ತೆ ಮೊದಲಿನಿಂದ ಹೇಳಿಕೊಂಡ. ಕಾರಿನ ಬಾಗಿಲು ಒಂದು ಸಲ ಮುಚ್ಚಿತು, ಇನ್ನೊಂದು ಸಲ.

ಆರು ಮುಗಿದ ಮೇಲೆ ಕೆಂಪು ದೀಪ ಹಾಕಿ ಕಾಗದವನ್ನು ಟ್ರೇಗೆ ಜಾರಿಸಿದ. ಊಹೆ ನಿಜವಾಗಿತ್ತು. ಕಾಗದ ಅಂಚಿನಿಂದ ಅಂಚಿಗೆ ಬೂದಿ ಬಳಿದಂತೆ ಕಪ್ಪಿಡುತ್ತ ಹೋಯಿತು. ನಡುವೆ ಒಂದು ಕೈ ಬೆಳ್ಳಗೆ ಉಳಿಯಿತು. ಐದು ಬೆರಳೂ ಅಗಲಿಸಿ, ಗಾಜಿನ ಆಚೆಯಿಂದ ಯಾರೋ ಒತ್ತಿ ಹಿಡಿದಂತೆ.