ಅಗಸಿ ಚಟ್ನಿ ಮತ್ತು ಸಂತೆಯ ಪುಡಿ

ಮಾಸೂರಿನ ಶಂಕ್ರವ್ವನಿಗೆ ಮುಟ್ಟು ನಿಂತು ಎರಡು ವರ್ಷವಾಗಿತ್ತು. ನಿಂತದ್ದಕ್ಕೆ ಅವಳಿಗೆ ಬೇಸರವಿರಲಿಲ್ಲ. ಬೇಸರ ತಂದದ್ದು ಮೈಯ ಉರಿ. ಗದ್ದೆಯಲ್ಲಿ ಕಳೆ ಕೀಳುವಾಗ, ರೊಟ್ಟಿ ಬಡಿಯುವಾಗ, ಸುಮ್ಮನೆ ಕುಳಿತಾಗಲೂ ಎದೆಯಿಂದ ಬಿಸಿ ಎದ್ದು ಮುಖಕ್ಕೆ ಏರುತ್ತಿತ್ತು. ಕುಪ್ಪಸ ತೊಯ್ದುಹೋಗುತ್ತಿತ್ತು. ನಿದ್ದೆ ಹತ್ತುತ್ತಿರಲಿಲ್ಲ. ಸಣ್ಣ ಮಾತಿಗೂ ಸಿಟ್ಟು.

ಇದು ವಯಸ್ಸಿನದು ಎಂದು ಅವಳು ಒಪ್ಪಲಿಲ್ಲ. ಸೊಸೆ ದಾನವ್ವ ಊಟದಲ್ಲಿ ಏನೋ ಹಾಕುತ್ತಿದ್ದಾಳೆ ಎಂಬ ಅನುಮಾನ ಹೊಕ್ಕಿತ್ತು. ಈಚೆಗೆ ದಾನವ್ವ ದಿನಾ ಅಗಸಿ ಬೀಜ ಹುರಿದು ಚಟ್ನಿ ಮಾಡಿ ಅತ್ತೆಯ ತಾಟಿಗೆ ತುಸು ಹೆಚ್ಚೇ ಬಡಿಸುತ್ತಿದ್ದಳು. ಸಾಲದ್ದಕ್ಕೆ ಊರಿನ ನರ್ಸ್ ಮರಿಯಮಬಿಯ ಜೊತೆ ಬಾಗಿಲಲ್ಲಿ ಪಿಸುಮಾತು ಬೇರೆ. ಆ ನರ್ಸಿನ ಮೇಲೆ ಶಂಕ್ರವ್ವನಿಗೆ ಎಂದೂ ನಂಬಿಕೆಯಿರಲಿಲ್ಲ. ಹಿಂದೆ ಮಕ್ಕಳಾಗದ ಆಪರೇಶನ್ನಿಗೆ ಹೆಂಗಸರನ್ನು ಒಯ್ಯಲು ದವಾಖಾನೆಯ ಜೀಪು ಊರಿಗೆ ಬಂದಾಗ ಜೋಳದ ಹೊಲದಲ್ಲಿ ಅಡಗಿ ಕುಳಿತವರಲ್ಲಿ ಅವಳೂ ಒಬ್ಬಳು.

"ಅಕಿ ಕೂಡ ಏನ್ ಮಾತಾಡಾಕತ್ತಿದ್ದಿ?"

"ನಿಮ್ಮ ಮೈ ಉರಿ ಬಗ್ಗೇನ ಕೇಳಿದೆ ಅತ್ತಿ. ಅಗಸಿ, ಸೋಯಾ ಕಾಳು ಊಟದಾಗ ಇದ್ರ ಕೆಲವರಿಗೆ ಉರಿ ಕಡಿಮಿ ಆಗ್ತೈತಂತ."

"ನನ್ನ ಮೈ ವಿಚಾರ ಊರಿಗೆಲ್ಲ ಡಂಗುರ ಸಾರಾಕತ್ತಿಯೇನು?" ಎಂದ ಶಂಕ್ರವ್ವ ಚಟ್ನಿಯನ್ನು ಎಮ್ಮೆಯ ಮುಸುರಿ ಬಾನಿಗೆ ಸುರಿದಳು.

ಮನೆಯವರನ್ನೇ ನಂಬದವಳು ಹಿರೇಕೆರೂರ ಸಂತೆಯಲ್ಲಿ ಗುರುತಿಲ್ಲದವನನ್ನು ನಂಬಿದಳು. ಅವನು ಬೇರು, ಪುಡಿ ಹರವಿಕೊಂಡು ಕುಳಿತಿದ್ದ.

"ಗಿಡದ್ದು ಐತ್ರಿ ಯವ್ವಾ, ಎಂದೂ ಕೆಟ್ಟದ್ದು ಮಾಡೂದಿಲ್ಲ. ಮೈ ತಂಪ ಆಗಿ ಹರೇದ ಕಸುವು ತಿರಗಿ ಬರ್ತೈತಿ. ಮನ್ಯಾಗ ಯಾರಿಗೂ ಹೇಳಬ್ಯಾಡ್ರಿ, ಹೇಳಿದ್ರ ಗುಣಾ ಹೋಗ್ತೈತಿ."

ಯಾರಿಗೂ ಹೇಳಬೇಡ ಎಂದದ್ದೇ ಅವಳಿಗೆ ಹಿಡಿಸಿತು. ಪುಡಿ ಕೊಂಡು ತಂದು ದಿನಾ ಕದ್ದು ತಿನ್ನತೊಡಗಿದಳು.

ಉರಿ ನಿಜಕ್ಕೂ ಇಳಿಯಿತು. ಕೆಲವು ವಾರಗಳಲ್ಲಿ ರಕ್ತ ಕಾಣಿಸಿತು. ಶಂಕ್ರವ್ವ ಹೆದರಲಿಲ್ಲ, ಹರೆಯ ತಿರುಗಿ ಬಂತೆಂದು ಒಳಗೊಳಗೇ ಹಿಗ್ಗಿದಳು. ಆದರೆ ರಕ್ತ ನಿಲ್ಲಲಿಲ್ಲ, ಕಾಲಲ್ಲಿ ಬಲ ಉಳಿಯಲಿಲ್ಲ. ಹಿತ್ತಲಲ್ಲಿ ಕದ್ದು ಬಟ್ಟೆ ಒಗೆಯುತ್ತಿದ್ದವಳನ್ನು ದಾನವ್ವ ಕಂಡಳು.

"ಇದು ಯಾವಾಗಿಂದ ಅತ್ತಿ?"

"ನಿನಗ್ಯಾಕ ಬೇಕು?"

"ನನ್ನ ಮ್ಯಾಲ ಸಂಶೇ ಇದ್ರ ಇರಲಿ, ನಾ ಮಾಡಿದ್ದು ಉಣಬ್ಯಾಡ್ರಿ. ದವಾಖಾನಿಗೆ ಮಾತ್ರ ನಡೀರಿ. ನಮ್ಮವ್ವ ಹಿಂಗ ಮುಚ್ಚಿಟಗೊಂಡ ಹೋದ್ಲು."

ದಾನವ್ವ ಆ ಮನೆಯಲ್ಲಿ ತಾಯಿಯ ಸಾವಿನ ಮಾತೆತ್ತಿದ್ದು ಅದೇ ಮೊದಲು. ಶಂಕ್ರವ್ವ ಒಗೆಯುತ್ತಿದ್ದ ಬಟ್ಟೆ ಬಿಟ್ಟು ಎದ್ದಳು. ಮರಿಯಮಬಿಯೇ ಜೊತೆಗೆ ಬಸ್ಸು ಹತ್ತಿದಳು.

ದೊಡ್ಡ ದವಾಖಾನೆಯಲ್ಲಿ ಲೇಡಿ ಡಾಕ್ಟರ್ ಪರೀಕ್ಷೆ ಮಾಡಿ, ಗರ್ಭಚೀಲದ ಒಳಪದರದ ಚೂರು ತೆಗೆದು ತಪಾಸಣೆಗೆ ಕಳಿಸಿದರು. ಉತ್ತರ ಬರುವವರೆಗೆ ಶಂಕ್ರವ್ವ ಎಲ್ಲರ ಮುಖ ನೋಡುತ್ತಲೇ ಇದ್ದಳು, ಏನೋ ಮುಚ್ಚಿಡುತ್ತಿದ್ದಾರೆಂದು. ಕ್ಯಾನ್ಸರ್ ಇರಲಿಲ್ಲ. ಪದರ ದಪ್ಪಗಾಗಿತ್ತು, ಹಾಗೇ ಬಿಟ್ಟಿದ್ದರೆ ಮುಂದೆ ಕ್ಯಾನ್ಸರಿಗೆ ತಿರುಗಬಹುದಿತ್ತು. ಶಂಕ್ರವ್ವ ಪುಡಿಯ ವಿಷಯ ಬಾಯಿಬಿಟ್ಟಾಗ ಡಾಕ್ಟರ್, ಅದರಿಂದಲೇ ಹೀಗಾಗಿರಬಹುದೆಂದು ಹೇಳಿ ಅದನ್ನು ಬಿಡಿಸಿ ಗುಳಿಗೆ ಬರೆದುಕೊಟ್ಟರು.

"ಗಿಡದ್ದು ಅಂದಿದ್ನಲ್ರಿ ಅಂವಾ?"

"ಗಿಡದಾಗೂ ಹೆಣ್ಣಿನ ಮೈಯಾಗಿನ ಹಾರ್ಮೋನಿನಂಗ ಕೆಲಸ ಮಾಡೂ ಅಂಶ ಇರ್ತಾವು. ಅಗಸಿ, ಸೋಯಾದಾಗ ಅವು ಸೌಮ್ಯ. ಆ ಪುಡಿಯಾಗ ಏನಿತ್ತು, ಎಷ್ಟಿತ್ತು, ಗುಳಿಗಿ ಅರದು ಹಾಕಿದ್ನೋ ಏನೋ, ನನಗೂ ಹೇಳಾಕ ಬರೂದಿಲ್ಲ" ಎಂದರು ಡಾಕ್ಟರ್.

"ಹಂಗಾರ ಅಗಸಿ ತಿಂದ್ರ ನನ್ನ ಉರಿ ಹೋಗ್ತೈತೇನ್ರಿ?"

"ಖಾತ್ರಿ ಕೊಡೂದಿಲ್ಲ. ಕೆಲವರಿಗೆ ತುಸು ಹಗುರ ಆಗ್ತೈತಿ, ಕೆಲವರಿಗೆ ಆಗೂದಿಲ್ಲ. ಇನ್ನೂ ಶೋಧ ನಡದೈತಿ. ಊಟದಂಗ ತಿನ್ರಿ, ಔಷಧ ಅಂತ ಮುಕ್ಕಬ್ಯಾಡ್ರಿ. ಉರಿ ಭಾಳ ಆದ್ರ ನನ್ನ ಹತ್ರ ಬರ್ರಿ, ಬ್ಯಾರೆ ದಾರಿ ಅದಾವು."

ಸಂತೆಯವನು ಎಲ್ಲದಕ್ಕೂ ಖಾತ್ರಿ ಕೊಟ್ಟಿದ್ದ. ಇವರು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದರು. ಶಂಕ್ರವ್ವನಿಗೆ ಅಲ್ಲೇ ನಂಬಿಕೆ ಬಂತು.

ಮನೆಗೆ ಬಂದ ಮೇಲೆ ಅವಳು ಪುಡಿಯ ಗಂಟನ್ನು ತಾನೇ ತಿಪ್ಪೆಗೆ ಎಸೆದು ಬಂದು ಸೊಸೆಯನ್ನು ಪಕ್ಕಕ್ಕೆ ಕರೆದಳು.

"ಇಲ್ಲಿ ಕುಂದ್ರು. ನಿಮ್ಮವ್ವಗ ಏನಾಗಿತ್ತು, ಹೇಳು."

ಅಕ್ಕ ತಂಗಿಯರೇ, ಮುಟ್ಟು ನಿಲ್ಲುವುದು ರೋಗವಲ್ಲ, ನಾಚಿಕೆಯ ವಿಷಯವೂ ಅಲ್ಲ. ಆದರೆ ನಿಂತು ವರ್ಷವಾದ ಮೇಲೆ ಒಂದು ಹನಿ ರಕ್ತ ಕಂಡರೂ ದವಾಖಾನೆಗೆ ಹೋಗಿ. ಎದೆಯಲ್ಲಿ ಗಂಟಿದ್ದವರು, ಬೇರೆ ಔಷಧ ನುಂಗುವವರು ಯಾವ ಗಿಡಮೂಲಿಕೆಯನ್ನೂ ಡಾಕ್ಟರನ್ನು ಕೇಳದೆ ತೆಗೆದುಕೊಳ್ಳಬೇಡಿ. ಯಾರಿಗೂ ಹೇಳಬೇಡ ಎಂದು ಯಾರಾದರೂ ಔಷಧ ಕೊಟ್ಟರೆ, ಅನುಮಾನ ಪಡಬೇಕಾದದ್ದು ಅವರ ಮೇಲೆ.