ಡಿಸ್ಕಿನಲ್ಲಿದ್ದ ದನಿಗಳು

"ಕೊಡ ತೊಳೆದ್ರೆ ಬಾವಿ ಬತ್ತುತ್ತಾ?" ಸರ್ವರ್ ನೋಡಿಕೊಳ್ಳುವವಳು ಖಾಲಿ ಕೋಣೆಯಲ್ಲಿ ಕೇಳಿದಳು.

ಆ್ಯಪ್ ಕೆಟ್ಟಾಗ ಅದು ಓಡುವ ಕಂಟೇನರೆಂಬ ಡಬ್ಬಿಯನ್ನು ಬುಡಸಮೇತ ಅಳಿಸಿ ಹೊಸದನ್ನು ಎಬ್ಬಿಸುವುದು ಅವಳ ರೂಢಿ. ದನಿಗಳನ್ನಿಟ್ಟ ಡಿಸ್ಕು ಮಾತ್ರ ಹಾಗೇ ಉಳಿಯುತ್ತಿತ್ತು. ಆದರೆ ಕಂಪನಿಯ ಯಜಮಾನನಾದ ಅವಳ ಅಕ್ಕನ ಗಂಡ, ಜಾಗ ಉಳಿಸಲೆಂದು, ಆ್ಯಪಿನೊಂದಿಗೆ ಡಿಸ್ಕೂ ಅಳಿಯುವಂತೆ ಯಾರಿಗೂ ಹೇಳದೆ ಬದಲಿಸಿದ್ದ. ಬ್ಯಾಕಪ್ಪೂ ಅದರಲ್ಲೇ ಇತ್ತು. ಇವತ್ತು ಅವಳು ಎಂದಿನಂತೆ ಅಳಿಸಿದಳು. ಮಾತು ನಿಂತುಹೋಗುವ ಕಾಯಿಲೆಯವರು ಮುಂಚೆಯೇ ಮುದ್ರಿಸಿಟ್ಟ ದನಿಗಳೆಲ್ಲ ಹೋದವು.

"ಆದದ್ದಾಯ್ತು. ಇನ್ನೊಂದ್ಸಲ ಮಾತಾಡಿ ಕಳಿಸಿ ಅಂತ ಎಲ್ಲರಿಗೂ ಬರೆದುಬಿಡಮ್ಮ," ಎಂದ, ಸುದ್ದಿ ತಿಳಿದು ಬಂದ ಭಾವ.

"ಅವರಲ್ಲಿ ಎಷ್ಟೋ ಜನಕ್ಕೆ ಈಗ ನಾಲಿಗೆಯೇ ಏಳಲ್ಲ, ಭಾವ."

"ಹಾಗಾದ್ರೆ ನಿನ್ನ ಕೈತಪ್ಪಿಂದ ಆಯ್ತು ಅಂತ ಬರಿ. ಮನೆ ಹುಡುಗಿ ನೀನು, ನಿನ್ನನ್ನ ಕೆಲಸದಿಂದ ಯಾರು ತೆಗೀತಾರೆ?"

"ಬರೆಯಲ್ಲ," ಎಂದಳು.